ಕ್ರೇನ್ ಇಲ್ಲದ ದಿನ

ಮಾಲೀಕ ಕೈಮುಗಿದುಕೊಂಡು ಬಂದಾಗಲೇ ವಾಸನೆ ಮೂಗಿಗೆ ಬಡಿಯಬೇಕಿತ್ತು. ಮೀನು ಡಬ್ಬಿಗೆ ತುಂಬುವ ಹೆಂಗಸರಿಗೆ ಮೂಗು ಸತ್ತುಹೋಗಿರುತ್ತದೆ ಎಂದು ಊರವರು ಆಡಿಕೊಳ್ಳುವುದು ಸುಮ್ಮನೆ ಅಲ್ಲ. ಇಷ್ಟು ವರ್ಷ ಕಾರಿನಿಂದ ಕೆಳಗೆ ಕಾಲಿಡದ ಮನುಷ್ಯ, ಫ್ಯಾಕ್ಟರಿ ಗೇಟಿನ ಮುಂದೆ ಚಾಪೆ ಹಾಸಿಕೊಂಡು ಕೂತಿದ್ದವರ ನಡುವೆ ಬಂದು ಕುಕ್ಕರುಗಾಲಲ್ಲಿ ಕೂತ. "ನೀವೆಲ್ಲ ನನ್ನ ಅಕ್ಕತಂಗಿಯರ ಥರ" ಎಂದ. ಅಕ್ಕತಂಗಿಯರಂತೆ! ಇವನ ಒಡಹುಟ್ಟಿದ ತಂಗಿ ಆಸ್ತಿಯ ಪಾಲಿಗಾಗಿ ಕೋರ್ಟು ಮೆಟ್ಟಿಲು ಸವೆಸುತ್ತಿರುವುದು ಊರಿಗೆಲ್ಲ ಗೊತ್ತು. ಆದರೂ ಅವತ್ತು ಅದು ಯಾರಿಗೂ ನೆನಪಾಗಲಿಲ್ಲ. ದೊಡ್ಡಕ್ಕನಿಗೂ ಆಗಲಿಲ್ಲ.

ದೊಡ್ಡಕ್ಕ ಅಂದರೆ ಡಬ್ಬಿ ತುಂಬುವವರ ಮೇಸ್ತ್ರಿ. ವಯಸ್ಸಿನಲ್ಲಿ ಅವಳಿಗಿಂತ ಹಿರಿಯರಿದ್ದರೂ ಎಲ್ಲರ ಬಾಯಲ್ಲೂ ಅವಳು ದೊಡ್ಡಕ್ಕನೇ. ಗೇಟಿನ ಮುಂದೆ ಚಾಪೆ ಹಾಸಿಸಿದ್ದೂ ಅವಳೇ. ಫ್ಯಾಕ್ಟರಿಯನ್ನು ದೂರದ ಇನ್ನೊಂದು ಬಂದರಿಗೆ ಸಾಗಿಸುತ್ತಾರೆ, ಅಲ್ಲಿ ಹೊಸ ಹುಡುಗಿಯರನ್ನು ಇಟ್ಟುಕೊಳ್ಳುತ್ತಾರೆ ಎಂಬ ಸುದ್ದಿ ಬೇಸಿಗೆಯ ಶುರುವಿನಲ್ಲೇ ಬಂದಿತ್ತು. "ಡಬ್ಬಿ ಮುಚ್ಚೋ ಮಿಷನ್ ಒಂದಾದ್ರೂ ಒಳಗಿರೋ ತನಕ ಇದು ಫ್ಯಾಕ್ಟರಿ, ನಾವು ಕೆಲಸದವರು. ಎಲ್ಲಾ ಹೊರಗೆ ಹೋದ್ವೋ, ಇದು ಬರೀ ಗೋಡೆ, ನಾವು ಬರೀ ಹೆಂಗಸರು" ಎಂದು ಅವಳು ಹೇಳಿದ ಮಾತು ಎಲ್ಲರ ಮನಸ್ಸಿಗೂ ನಾಟಿತ್ತು. ಅವತ್ತಿನಿಂದ ಪಾಳಿ ಹಾಕಿಕೊಂಡು ಗೇಟು ಕಾದರು. ಮಿಷನ್ ಸಾಗಿಸಲು ಒಮ್ಮೆ ಲಾರಿ ಬಂದಾಗ ಚಕ್ರದ ಮುಂದೆ ಸಾಲಾಗಿ ಮಲಗಿಬಿಟ್ಟರು. ಲಾರಿಯವನು ಇಣುಕಿ ನೋಡಿ, "ಎದ್ದೇಳ್ರಮ್ಮಾ, ನಂಗೂ ಹೆಂಡ್ತಿ ಮಕ್ಕಳಿದಾರೆ" ಎಂದು ಗೊಣಗಿ ಹಿಂದೆ ತಿರುಗಿಸಿಕೊಂಡು ಹೋದ.

ಅದಾದ ಮೇಲೆಯೇ ಮಾಲೀಕ ಬೆಣ್ಣೆ ಹಚ್ಚಲು ಶುರುಮಾಡಿದ್ದು. "ಮಿಷನ್ ಎಲ್ಲೂ ಹೋಗಲ್ಲ. ನೀವೂ ಸುಸ್ತಾಗಿದೀರಿ, ನಾನೂ ಸುಸ್ತಾಗಿದೀನಿ. ಕೂತು ಮಾತಾಡೋಣ. ಅದಕ್ಕೆ ಮೊದಲು ಬರೋ ಭಾನುವಾರ ಎಲ್ಲರೂ ಒಂದು ದಿನ ಹಳೇ ರಾಜಧಾನಿ ನೋಡ್ಕೊಂಡು ಬನ್ನಿ. ಬಸ್ಸು, ಊಟ, ಗೈಡು, ಎಲ್ಲಾ ನಂದೇ."

ಹಳೇ ರಾಜಧಾನಿ! ಸಮುದ್ರ ನೋಡಲು ಬಂದವರನ್ನು ತುಂಬಿಕೊಂಡು ಅಲ್ಲಿಗೆ ಹೋಗುವ ಬಸ್ಸುಗಳು ದಿನಾ ಫ್ಯಾಕ್ಟರಿಯ ಮುಂದೆಯೇ ಹಾದುಹೋಗುತ್ತವೆ. ಕಿಟಕಿಯಲ್ಲಿ ಕೂತ ಪ್ರವಾಸಿಗರು ಈ ಗೇಟು ಬಂದೊಡನೆ ಮೂಗು ಮುಚ್ಚಿಕೊಳ್ಳುತ್ತಾರೆ. ಮೂಗು ಮುಚ್ಚಿಕೊಂಡು ಅಷ್ಟು ದೂರ ಹೋಗಿ ನೋಡುವಂಥದ್ದು ಏನಿದೆಯಪ್ಪ ಎಂದು ಇವರು ಎಷ್ಟು ಸಲ ಮಾತಾಡಿಕೊಂಡಿಲ್ಲ! ಒಬ್ಬಳಾದರೂ ಹೋಗಿ ನೋಡಿದ್ದಿಲ್ಲ.

ತಕರಾರು ತೆಗೆದವಳು ಕ್ಯಾತೆಯೊಬ್ಬಳೇ. ಎಲ್ಲರಿಗಿಂತ ಹಿರಿಯಳು, ಗಾಳಿಯ ಜೊತೆಗೂ ಜಗಳ ಕಾಯುವ ಹೆಂಗಸು, ಅದಕ್ಕೇ ಆ ಹೆಸರು. "ಎಲ್ಲಾರೂ ಹೋದ್ರೆ ಗೇಟು ಯಾರು ಕಾಯ್ತಾರೆ? ಇಬ್ಬರಾದ್ರೂ ಇರಬೇಕು" ಎಂದಳು.

"ಯಾರು ಇಬ್ಬರು? ನೀನಿರ್ತೀಯಾ?" ಎಂದು ಯಾರೋ ಕೇಳಿದರು.

"ನಾನ್ಯಾಕಿರ್ಲಿ? ನಾನೇನು ಪಾಪ ಮಾಡಿದೀನಾ?"

ಎಲ್ಲರೂ ನಕ್ಕರು. ಯಾರಿಗೂ ಉಳಿಯಲು ಮನಸ್ಸಿರಲಿಲ್ಲ. ಆಗ ದೊಡ್ಡಕ್ಕ ತೀರ್ಮಾನ ಕೊಟ್ಟಳು. "ಭಾನುವಾರ ಬಂದರಿಗೇ ರಜೆ. ಕ್ರೇನ್ ಇಲ್ದೆ ಆ ಮಿಷನ್‌ಗಳು ಇದ್ದಲ್ಲಿಂದ ಅಲ್ಲಾಡಲ್ಲ. ಊರಲ್ಲಿರೋದು ಒಂದೇ ಕ್ರೇನು, ಅದಕ್ಕೆ ಭಾನುವಾರ ಬೀಗ. ಮತ್ತೆ ಗೈಡ್ ಯಾರು ಗೊತ್ತಾ? ನಮ್ಮ ಗಡಿಬಿಡಿ. ನನ್ನ ಕೈಯಲ್ಲಿ ಬೆಳೆದ ಮಗು. ಇನ್ನೇನು ಭಯ?"

ಲೆಕ್ಕಾಚಾರ ಸರಿಯಾಗಿಯೇ ಇತ್ತು, ಪಾಪ. ಬಂದರು ಬಿಟ್ಟರೆ ಲೋಕದಲ್ಲಿ ಇನ್ನೆಲ್ಲೂ ಕ್ರೇನ್ ಇರುವುದಿಲ್ಲ ಎಂದುಕೊಂಡಿದ್ದೊಂದೇ ತಪ್ಪು. ಹುಟ್ಟಿದಾಗಿನಿಂದ ಅದೊಂದನ್ನೇ ನೋಡಿದವರು ಇನ್ನೇನು ಅಂದುಕೊಳ್ಳಬೇಕು?

ಗಡಿಬಿಡಿ ದೊಡ್ಡಕ್ಕನ ತಂಗಿಯ ಮಗಳು. ಹುಟ್ಟಿದ್ದೂ ದಿನ ತುಂಬುವ ಮೊದಲೇ, ನಡೆಯುವ ಮೊದಲು ಓಡಲು ಕಲಿತವಳು, ಅದಕ್ಕೇ ಮನೆಯಲ್ಲಿ ಆ ಅಡ್ಡಹೆಸರು. ತಾಯಿ ಬೇಗ ತೀರಿಕೊಂಡಳು, ಅಪ್ಪ ಇನ್ನೊಂದು ಸಂಸಾರ ಮಾಡಿಕೊಂಡು ಮಗಳನ್ನು ಮರೆತ. ದೊಡ್ಡಕ್ಕನಿಗೆ ಮಕ್ಕಳಿರಲಿಲ್ಲ, ಸಮುದ್ರಕ್ಕೆ ಹೋದ ಗಂಡ ತಿರುಗಿ ಬರಲಿಲ್ಲ. ಇಬ್ಬರಿಗೆ ಇಬ್ಬರೇ ಆಗಿ ಉಳಿದರು. ಮೀನಿನ ವಾಸನೆ ಈ ಹುಡುಗಿಯ ಕೈಗೆ ಹತ್ತಬಾರದು ಎಂದು ಹಟ ಹಿಡಿದು ಓದಿಸಿದ್ದಕ್ಕೆ ಅವಳು ಪ್ರವಾಸಿ ಬಸ್ಸಿನ ಗೈಡ್ ಆದಳು. ಗುಂಪನ್ನು ಓಡಿಸುವುದರಲ್ಲಿ ಅವಳದು ಎತ್ತಿದ ಕೈ. ಅರಮನೆ, ಕೋಟೆ, ಗಂಟೆಗೋಪುರ ಎಲ್ಲ ಮುಗಿಸಿ ಬೆಳಕಿರುವಾಗಲೇ ಜನರನ್ನು ಕಡಲತೀರಕ್ಕೆ ತಂದು ಇಳಿಸಿಬಿಡುತ್ತಾಳೆ. ಅವಳ ಪ್ರವಾಸಿಗರು ಊಟ ಅಗಿಯುತ್ತಲೇ ಬಸ್ಸು ಹತ್ತುತ್ತಾರೆ ಎಂದು ಅವಳ ಡ್ರೈವರ್ ತಮಾಷೆ ಮಾಡುತ್ತಿದ್ದ.

ಭಾನುವಾರ ಬೆಳಿಗ್ಗೆ ಬಸ್ಸಿನಲ್ಲಿ ಸಂಭ್ರಮವೋ ಸಂಭ್ರಮ. ಪೆಟ್ಟಿಗೆಯ ತಳದಲ್ಲಿದ್ದ ಸೀರೆಗಳೆಲ್ಲ ಹೊರಬಿದ್ದಿದ್ದವು. ಒಬ್ಬಳು ಮೈಗೆ ಅತ್ತರು ಸುರಿದುಕೊಂಡು ಬಂದು ಎಲ್ಲರಿಗೂ ಸೀನು ತರಿಸಿದಳು. ಕ್ಯಾತೆ ಕಿಟಕಿಯ ಸೀಟಿಗಾಗಿ ಮೊದಲೇ ಜಗಳ ಮುಗಿಸಿ, ಗೆದ್ದು, ಕೂತಿದ್ದಳು. ಫ್ಯಾಕ್ಟರಿ ಗೇಟು ಬಂದಾಗ ಇಡೀ ಬಸ್ಸು ಬೇಕೆಂದೇ ಮೂಗು ಮುಚ್ಚಿಕೊಂಡು ಹೊಟ್ಟೆ ಹಿಡಿದು ನಕ್ಕಿತು. ಮಾಲೀಕ ಇಟ್ಟಿದ್ದ ಗೇಟಿನವನು ಒಬ್ಬನೇ ನಿಂತು ಕೈಬೀಸಿದ.

ಗಡಿಬಿಡಿ ಮೈಕು ಹಿಡಿದು ಬೆಟ್ಟದ ಹೆಸರು, ಹೊಳೆಯ ಹೆಸರು, ಯಾವ ರಾಜ ಯಾವ ದಾರಿಯಲ್ಲಿ ಓಡಿಹೋದ ಎಂಬುದನ್ನೆಲ್ಲ ಹೇಳುತ್ತಿದ್ದಳು. ದೊಡ್ಡಕ್ಕನಿಗೆ ಕಥೆಗಿಂತ ಅವಳ ಮುಖ ನೋಡುವುದೇ ಖುಷಿ. ಅಕ್ಕಪಕ್ಕದವರಿಗೆ, "ಹೇಗೆ ಮಾತಾಡ್ತಾಳೆ ನೋಡ್ರೇ" ಎಂದು ಮೊಣಕೈಯಲ್ಲಿ ತಿವಿಯುತ್ತಿದ್ದಳು. ಹುಡುಗಿ ಮಾತ್ರ ಇವಳತ್ತ ನೋಡುತ್ತಿರಲಿಲ್ಲ. ಮೈಕು ಹಿಡಿದರೆ ಹಾಗೇ ಇರಬೇಕು ಎಂದುಕೊಂಡಳು.

ಘಾಟಿಯ ಕಿರಿದಾದ ತಿರುವಿನಲ್ಲಿ ಬಸ್ಸು ಪಕ್ಕಕ್ಕೆ ಸರಿದು ನಿಂತಿತು. ಎದುರಿಗೆ ಒಂದು ಹಳದಿ ಕ್ರೇನು, ಉದ್ದನೆಯ ಮೂತಿ ಮುಂದಕ್ಕೆ ಚಾಚಿಕೊಂಡು, ಆಮೆಯ ಹಾಗೆ ಇಳಿದು ಬರುತ್ತಿತ್ತು. ಹೆಂಗಸರಿಗೆ ತಮಾಷೆ. "ಏನಪ್ಪಾ, ಸಮುದ್ರ ನೋಡಕ್ಕೆ ಹೊರಟ್ಯಾ?" ಎಂದು ಕ್ಯಾತೆ ಕಿಟಕಿಯಿಂದ ಕೂಗಿದಳು. ಕ್ರೇನಿನವನು ನಗುತ್ತಾ ಕೈಬೀಸಿದ. ಇವರೂ ಬೀಸಿದರು. ದೊಡ್ಡಕ್ಕನೂ ಬೀಸಿದಳು.

ಹಳೇ ರಾಜಧಾನಿ ಕಲ್ಲಿನ ಊರು. ನೆಲವೂ ಕಲ್ಲು, ಗೋಡೆಯೂ ಕಲ್ಲು, ಕೂರಲು ಹಾಕಿದ್ದೂ ಕಲ್ಲು. ಬೀದಿಗಳು ಎಷ್ಟು ಕಿರಿದು ಅಂದರೆ ಎದುರುಮನೆಯವಳ ಒಲೆಯ ಮೇಲೇನಿದೆ ಎಂದು ಈ ಮನೆಯವಳು ಎದ್ದು ನೋಡಬೇಕಾಗಿಲ್ಲ. ಗಡಿಬಿಡಿ ಒಂದೊಂದು ಬಾಗಿಲ ಮುಂದೆಯೂ ಗುಂಪನ್ನು ನಿಲ್ಲಿಸಿದಳು. ರಾಣಿಯ ಸ್ನಾನದ ಕೊಳ, ಕುದುರೆ ಲಾಯ, ಕತ್ತಿಗಳಿಟ್ಟ ಕೋಣೆ, ಪಿಂಗಾಣಿ ತಟ್ಟೆಗಳಿಟ್ಟ ಕೋಣೆ, ಏನೂ ಇಲ್ಲದ ಇನ್ನೊಂದು ಕೋಣೆ. ಊಟವಾದ ಮೇಲೆ, "ಒಂದು ಗಳಿಗೆ ಮಲಗಿ ಬೇಕಾದ್ರೆ, ಅವಸರ ಏನಿಲ್ಲ" ಎಂದಳು.

ಕ್ಯಾತೆ ಮರದ ನೆರಳಲ್ಲಿ ಕಾಲು ಚಾಚಿಕೊಂಡು, "ಏನೇ ದೊಡ್ಡಕ್ಕ, ನಿಮ್ಮ ಗಡಿಬಿಡಿಗೆ ಇವತ್ತು ಯಾರು ನಿದ್ದೆ ಔಷಧಿ ಕೊಟ್ಟಿದಾರೆ?" ಎಂದಳು.

"ನಿಮ್ಮಂಥ ಮುದುಕಿಯರನ್ನ ಕಟ್ಕೊಂಡು ಓಡಕ್ಕಾಗತ್ತಾ?" ಎಂದು ದೊಡ್ಡಕ್ಕ ಬಾಯಿ ಮುಚ್ಚಿಸಿದಳು. ಆದರೆ ಹುಡುಗಿ ಮೂರು ಸಲ ದೂರ ಹೋಗಿ ಯಾರ ಜೊತೆಗೋ ಫೋನಿನಲ್ಲಿ ಮಾತಾಡಿ ಬಂದದ್ದು ಅವಳ ಕಣ್ಣಿಗೂ ಬಿದ್ದಿತ್ತು.

ಗಂಟೆಗೋಪುರದ ಚೌಕಕ್ಕೆ ಬಂದಾಗ ಬಿಸಿಲು ಇನ್ನೂ ನೆತ್ತಿಯಿಂದ ಪೂರ್ತಿ ಇಳಿದಿರಲಿಲ್ಲ. ಕತ್ತಿನಲ್ಲಿ ಕ್ಯಾಮೆರಾ ನೇತುಹಾಕಿಕೊಂಡ ಫೋಟೋದವನೊಬ್ಬ ಇವರನ್ನು ಕಂಡವನೇ ಓಡಿಬಂದ. ಎಲ್ಲರನ್ನೂ ಗೋಪುರದ ಬುಡದಲ್ಲಿ ಸಾಲಾಗಿ ನಿಲ್ಲಿಸಿದ, ಕುಳ್ಳಿಯರನ್ನು ಮುಂದಕ್ಕೆ ಎಳೆದ.

"ಅದೃಷ್ಟ ಕಣ್ರಮ್ಮಾ ನಿಮ್ದು" ಎಂದ. "ಗೋಪುರ ರಿಪೇರಿ ನಡೀತಿದೆ. ದಿನಾ ಒಂದು ದೊಡ್ಡ ಕ್ರೇನ್ ಇಲ್ಲೇ ಅಡ್ಡ ನಿಂತಿರತ್ತೆ, ಒಂದು ಫೋಟೋನೂ ಚೆನ್ನಾಗಿ ಬರಲ್ಲ. ಇವತ್ತು ನೋಡಿ, ಎಷ್ಟು ಸ್ವಚ್ಛ!"

"ಎಲ್ಲಿ ಹೋಯ್ತಪ್ಪಾ ಕ್ರೇನು?" ದೊಡ್ಡಕ್ಕ ಸುಮ್ಮನೆ ಕೇಳಿದಳು, ಮಾತಿಗೆ ಮಾತು ಎಂಬಂತೆ.

"ಸಮುದ್ರದ ಕಡೆ ಯಾವುದೋ ಫ್ಯಾಕ್ಟರಿಗಂತೆ. ಒಂದು ದಿನದ ಬಾಡಿಗೆ. ಬೆಳಗಾಗೋದ್ರೊಳಗೆ ಹೊರಟುಹೋಯ್ತು. ಎಲ್ಲಾರೂ ನಗಿ ಈಗ!"

ದೊಡ್ಡಕ್ಕ ಥಟ್ಟನೆ ಘಾಟಿಯ ಕಡೆ ತಿರುಗಿ ನೋಡಿದಳು. ಸುತ್ತಲೂ ಹೆಂಗಸರು ಹಲ್ಲು ಬಿಟ್ಟುಕೊಂಡು ನಿಂತಿದ್ದರು. ಕ್ಯಾತೆ ಮಾತ್ರ ಬಿದ್ದ ಹಲ್ಲು ಕಾಣದ ಹಾಗೆ ತುಟಿ ಬಿಗಿದುಕೊಂಡಿದ್ದಳು. ಫೋಟೋದವನ ಮಾತನ್ನು ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಬೆಳಿಗ್ಗೆ ತಾನೇ ಕೈಬೀಸಿದ್ದು ನೆನಪಾಗಿ ದೊಡ್ಡಕ್ಕನಿಗೆ ತನ್ನ ಕೈಯನ್ನು ತಾನೇ ಕಡಿದು ಎಸೆಯಬೇಕು ಅನ್ನಿಸಿತು.

ಫೋಟೋ ಮುಗಿದದ್ದೇ ಅವಳು ಗಡಿಬಿಡಿಯ ರಟ್ಟೆ ಹಿಡಿದು ಗೋಪುರದ ಹಿಂದಕ್ಕೆ ಎಳೆದುಕೊಂಡು ಹೋದಳು.

"ನಿಧಾನ ಮಾಡು ಅಂತ ಯಾರು ಹೇಳಿದ್ರು ನಿಂಗೆ?"

ಹುಡುಗಿ ಮೈಕಿನ ವೈರನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ನಿಂತಳು. "ಕತ್ತಲಾಗೋ ತನಕ ವಾಪಸ್ ತರಬೇಡ ಅಂದ್ರು. ಅಷ್ಟೇ."

"ಯಾರು?"

"ನಿಮ್ಮ ಮಾಲೀಕರು."

"ಯಾಕೆ ಅಂತ ಕೇಳಲಿಲ್ವಾ?"

"ಇಲ್ಲ."

"ಬಾಯಿ ತೆಗೆದ್ರೆ ಮುಚ್ಚದೋಳು ನೀನು, ಇದೊಂದನ್ನ ಕೇಳಲಿಲ್ವಾ?"

"ಕೇಳಿದ್ರೆ ಗೊತ್ತಾಗ್ತಿತ್ತಲ್ಲ ದೊಡ್ಡಮ್ಮ. ಗೊತ್ತಾದ್ಮೇಲೆ ನಿನ್ನ ಮುಖ ಹೇಗೆ ನೋಡ್ಲಿ?" ಹುಡುಗಿ ವೈರನ್ನು ಬಿಟ್ಟು ಅವಳ ಕೈ ಹಿಡಿದಳು. "ನಾನು ಒಂದೇ ಮಾತು ಕೇಳಿದ್ದು. ನಮ್ಮ ದೊಡ್ಡಮ್ಮಂಗೆ ಏನೂ ಆಗಬಾರದು ಅಂದೆ. ಆಗಲ್ಲ ಅಂದ್ರು. ಹೊಸ ಜಾಗದಲ್ಲೂ ನೀನೇ ಮೇಸ್ತ್ರಿ. ಇರಕ್ಕೆ ಒಂದು ಕೋಣೆನೂ ಕೊಡ್ತಾರೆ."

"ಉಳಿದೋರು?"

ಗಡಿಬಿಡಿ ಹಿಡಿದ ಕೈ ಬಿಟ್ಟಳು.

"ಉಳಿದೋರು ಏನಾಗಬೇಕೇ? ಆ ಕ್ಯಾತೆ ನಿಂಗೆ ಎಣ್ಣೆ ನೀರು ಹಾಕಿದಾಳೆ. ನಿಂಗೆ ಜ್ವರ ಬಂದಾಗ ಆ ಹೆಂಗಸರು ಪಾಳಿ ಬದಲಾಯಿಸ್ಕೊಂಡು ಕೂತಿದ್ರು!"

"ಮಾಲೀಕರು ಹೇಗಿದ್ರೂ ಸಾಗಿಸೇ ಸಾಗಿಸ್ತಿದ್ರು ದೊಡ್ಡಮ್ಮ. ಇವತ್ತಲ್ಲ ನಾಳೆ. ಚಾಪೆ ಹಾಸ್ಕೊಂಡು ಎಷ್ಟು ದಿನ ಕೂರ್ತಿದ್ದೆ ನೀನು? ನಿನ್ನ ಮಂಡಿ ನೋಡ್ಕೋ, ಎದ್ದು ನಿಲ್ಲಕ್ಕೆ ಗೋಡೆ ಬೇಕು. ನಂಗಿರೋದು ನೀನೊಬ್ಬಳು."

ದೊಡ್ಡಕ್ಕ ಕೈ ಎತ್ತಿದಳು, ಹಾಗೇ ಇಳಿಸಿದಳು. ಈ ಹುಡುಗಿಗೆ ಒಂದು ದಿನವೂ ಹೊಡೆದವಳಲ್ಲ. ತನ್ನ ಮೇಲಿನ ಪ್ರೀತಿಯಿಂದಲೇ ತನ್ನ ಕುತ್ತಿಗೆ ಕೊಯ್ದಿದ್ದಾಳಲ್ಲ, ಇವಳನ್ನು ಬೈಯಲೂ ಆಗುತ್ತಿಲ್ಲವಲ್ಲ ಎಂದು ಕಣ್ಣಲ್ಲಿ ನೀರು ಬಂತು.

"ಡ್ರೈವರಿಗೆ ಫೋನ್ ಮಾಡು. ಈ ಕ್ಷಣ ಬಸ್ಸು ಬರಬೇಕು" ಎಂದಳು.

ಹೆಂಗಸರ ಹತ್ತಿರ ಬಂದು ಕ್ರೇನಿನ ವಿಷಯ ಹೇಳಿದಳು. ಹುಡುಗಿಯ ವಿಷಯ ಹೇಳಲಿಲ್ಲ. ಮೊದಲು ಯಾರೂ ನಂಬಲಿಲ್ಲ. ನಂಬಿದ ಮೇಲೆ ಎಲ್ಲರ ಕೈಗೂ ಫೋನು ಬಂತು. ಗೇಟಿನವನ ಫೋನು ಸತ್ತಿತ್ತು. ಗಂಡಸರೆಲ್ಲ ವಾರದ ಹಿಂದೆಯೇ ಹೊರಟ ದೋಣಿಗಳಲ್ಲಿ, ನಡುಸಮುದ್ರದಲ್ಲಿ. ಕೊನೆಗೆ ಕ್ಯಾತೆಯ ಸೊಸೆ ಮಗುವನ್ನು ಎತ್ತಿಕೊಂಡು ಫ್ಯಾಕ್ಟರಿಗೆ ಓಡಿದಳು. ಓಡಿ, ಅಲ್ಲಿಂದ ಫೋನ್ ಮಾಡಿದಳು. "ಅತ್ತೆ, ಗೇಟಲ್ಲಿ ಯಾರೋ ದಾಂಡಿಗರು ನಿಂತಿದಾರೆ, ಒಳಗೆ ಬಿಡ್ತಿಲ್ಲ. ಎರಡು ಲಾರಿ ಹೋದ್ವಂತೆ. ಇನ್ನೊಂದು ಮಿಷನ್ ಕಟ್ತಾ ಇದಾರೆ."

ಇನ್ನೊಂದಿದೆ! ಒಂದು ಮಿಷನ್ ಉಳಿದರೂ ಸಾಕು, ಫ್ಯಾಕ್ಟರಿ ಫ್ಯಾಕ್ಟರಿಯೇ. ಆ ಆಸೆಯೊಂದನ್ನು ಹಿಡಿದುಕೊಂಡು ಹೆಂಗಸರು ಬಸ್ಸಿಗೆ ಬಿದ್ದರು. ಡ್ರೈವರ್ ಪಾಪದವನು, ವಿಷಯ ಕೇಳಿದ್ದೇ ಗೇರು ಬದಲಾಯಿಸುತ್ತಾ ಮಾಲೀಕನ ವಂಶವನ್ನೆಲ್ಲ ಜಾಲಾಡಿದ. ಗಡಿಬಿಡಿ ಮುಂದಿನ ಸೀಟಿನಲ್ಲಿ ಮೈಕನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಬೆಳಿಗ್ಗೆ ನೋಡಿದ ಬೆಟ್ಟ, ಹೊಳೆ, ರಾಜ ಓಡಿಹೋದ ದಾರಿ ಎಲ್ಲ ಹಿಂದಕ್ಕೆ ಹೋದವು. ಯಾರೂ ಏನನ್ನೂ ನೋಡಲಿಲ್ಲ.

ಘಾಟಿ ಇಳಿಯುವಾಗ ಕ್ರೇನು ಎದುರಾಯಿತು. ಬಸ್ಸು ಮತ್ತೆ ಪಕ್ಕಕ್ಕೆ ಸರಿದು ದಾರಿ ಬಿಟ್ಟಿತು. ಕ್ರೇನಿನವನಿಗೆ ಬೆಳಗಿನ ಗುರುತು ಸಿಕ್ಕಿರಬೇಕು, ನಗುತ್ತಾ ಕೈಬೀಸಿದ. ಅವನ ತಪ್ಪೇನಿದೆ? ದಿನದ ಕೆಲಸ ಮುಗಿಸಿ ಮನೆಗೆ ಹೊರಟಿದ್ದ. ಕೆಲಸ ಮುಗಿದಿದೆ ಎಂದು ಬಸ್ಸಿನಲ್ಲಿದ್ದವರಿಗೂ ಅರ್ಥವಾಯಿತು. ಹಿಂದಿನ ಸೀಟಿನಲ್ಲಿ ಯಾರೋ ಬಿಕ್ಕಲು ಶುರುಮಾಡಿದರು.

ಊರು ಮುಟ್ಟಿದಾಗ ಇನ್ನೂ ಬೆಳಕಿತ್ತು. ಗೇಟು ಹಾರುಹೊಡೆದಿತ್ತು. ದಾಂಡಿಗರೂ ಇರಲಿಲ್ಲ, ಕಾಯಲು ಏನಾದರೂ ಉಳಿದಿದ್ದರೆ ತಾನೆ ಅವರಿರುವುದು. ಒಳಗೆ ಮಿಷನ್‌ಗಳಿದ್ದ ಜಾಗದಲ್ಲಿ ನೆಲ ಚೌಕಾಕಾರವಾಗಿ ಬೆಳ್ಳಗಿತ್ತು. ಅಷ್ಟು ವರ್ಷ ಮೀನಿನ ನೀರಾಗಲಿ, ಯಾರ ಪೊರಕೆಯಾಗಲಿ ಅಲ್ಲಿಗೆ ಮಾತ್ರ ಹೋಗಿರಲಿಲ್ಲ. ಕತ್ತರಿಸಿದ ಬೋಲ್ಟುಗಳು ನೆಲದಿಂದ ಇನ್ನೂ ಎದ್ದುಕೊಂಡಿದ್ದವು. ಕ್ಯಾತೆ ಒಂದು ಚೌಕದ ನಡುವೆ ಹೋಗಿ ನಿಂತಳು.

ಆಗ ಗೇಟಿನವನು ಬಂದ. ಬುದ್ಧಿ ಸ್ವಲ್ಪ ಮಂದ, ಹೇಳಿದ್ದನ್ನು ಹೇಳಿದ ಹಾಗೆ ಒಪ್ಪಿಸುವವನು. ಎಲ್ಲರ ಎದುರಿಗೇ ಗಟ್ಟಿಯಾಗಿ, "ದೊಡ್ಡಕ್ಕ, ಮಾಲೀಕರು ಹೇಳಿ ಹೋದ್ರು. ನಾಳೆ ಹೊಸ ಜಾಗಕ್ಕೆ ಕೆಲಸಕ್ಕೆ ಬರಬೇಕಂತೆ. ನೀವೊಬ್ಬರೇ. ಮೊದಲೇ ಮಾತಾಗಿದೆಯಂತೆ" ಎಂದ.

ಎಲ್ಲ ತಲೆಗಳೂ ಒಟ್ಟಿಗೇ ತಿರುಗಿದವು.

"ಮಾತಾಗಿದೆ ಅಂದ್ರೆ?" ಕ್ಯಾತೆ ಚೌಕದಿಂದ ಈಚೆ ಬಂದಳು. ಅವಳ ಕಣ್ಣು ದೊಡ್ಡಕ್ಕನನ್ನು ದಾಟಿ, ಬಾಗಿಲ ಬಳಿ ನಿಂತಿದ್ದ ಗಡಿಬಿಡಿಯ ಮೇಲೆ ಹೋಯಿತು. "ತಡಿ. ಜನರನ್ನ ಕುರಿ ಅಟ್ಟಿದ ಹಾಗೆ ಅಟ್ಟೋಳು, ಇವತ್ತು ಮಲಗಿ ಏಳಿ ಅಂದ್ಲು. ಗಳಿಗೆಗೊಂದ್ಸಲ ಫೋನು. ಲೇ, ನಿಂಗೆ ಗೊತ್ತಿತ್ತಲ್ವೇನೇ? ನಮ್ಮನ್ನ ಊರಾಚೆ ಕೂಡಿಹಾಕಕ್ಕೆ ಕರ್ಕೊಂಡು ಹೋಗಿದ್ದೆ ಅಲ್ವಾ?"

ಅಷ್ಟೇ ಸಾಕಾಯಿತು. ಹೆಂಗಸರು ಬಾಗಿಲ ಕಡೆ ನುಗ್ಗಿದರು. ಯಾರೋ ಹುಡುಗಿಯ ಸೆರಗಿಗೆ ಕೈಹಾಕಿದರು, ಮೈಕು ಕೆಳಗೆ ಬಿದ್ದು ಉರುಳಿತು. ಹುಡುಗಿ ಗೋಡೆಗೆ ಆತುಕೊಂಡು, "ದೊಡ್ಡಮ್ಮಾ" ಎಂದು ಚೀರಿದಳು.

ಜ್ವರ ಬಂದಾಗ ಕೂಗುತ್ತಿದ್ದ ಅದೇ ಕೂಗು. ದೊಡ್ಡಕ್ಕ ಯೋಚನೆ ಮಾಡಲಿಲ್ಲ. ಯೋಚನೆ ಮಾಡಿದ್ದರೆ ಬೇರೆ ಏನಾದರೂ ಮಾಡುತ್ತಿದ್ದಳೋ ಏನೋ, ಯಾರಿಗೆ ಗೊತ್ತು. ನಡುವೆ ನುಗ್ಗಿ ಎರಡೂ ಕೈ ಅಗಲಿಸಿ ನಿಂತಳು.

"ಅವಳಿಗೇನೂ ಗೊತ್ತಿಲ್ಲ. ಬಿಡ್ರೇ ಅವಳನ್ನ. ನಿಧಾನ ಮಾಡು ಅಂತ ಹೇಳಿದ್ದು ನಾನು. ಮಾಲೀಕನ ಹತ್ರ ಮಾತಾಡಿದ್ದೂ ನಾನೇ."

ಸೆರಗು ಹಿಡಿದಿದ್ದ ಕೈ ಬಿಟ್ಟಿತು. ಒಬ್ಬರೂ ಬೈಯಲಿಲ್ಲ. ಬೈದಿದ್ದರೆ, ಕೂದಲು ಹಿಡಿದು ಎಳೆದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಕ್ಯಾತೆ ಹತ್ತಿರ ಬಂದು ಅವಳ ಮುಖ ನೋಡಿದಳು.

"ಲಾರಿ ಚಕ್ರದ ಮುಂದೆ ನನ್ನ ಪಕ್ಕದಲ್ಲೇ ಮಲಗಿದ್ಯಲ್ಲೇ" ಎಂದಳು. ಅಷ್ಟು ಹೇಳಿ ಹೊರಟಳು. ಒಬ್ಬೊಬ್ಬರಾಗಿ ಎಲ್ಲರೂ ಅವಳ ಹಿಂದೆ ಹೋದರು. ಅತ್ತರು ಸುರಿದುಕೊಂಡು ಬಂದಿದ್ದವಳು ದೊಡ್ಡಕ್ಕನನ್ನು ಹಾದುಹೋಗುವಾಗ ತನ್ನ ಸೀರೆ ಅವಳಿಗೆ ತಗಲದ ಹಾಗೆ ಎತ್ತಿ ಹಿಡಿದುಕೊಂಡಳು.

ಖಾಲಿ ಶೆಡ್ಡಿನಲ್ಲಿ ಇಬ್ಬರೇ ಉಳಿದರು. ಗಡಿಬಿಡಿ ಮೈಕನ್ನು ಎತ್ತಿಕೊಂಡಳು, ಸೆರಗು ಸರಿಮಾಡಿಕೊಂಡಳು, ಮುಖ ಒರೆಸಿಕೊಂಡಳು. ಮೆಲ್ಲಗೆ ಬಂದು ದೊಡ್ಡಕ್ಕನ ತೋಳು ಹಿಡಿದಳು.

"ನಾಳೆ ಹೋಗ್ತೀಯಲ್ಲ ದೊಡ್ಡಮ್ಮ?"

"ಹೋಗ್ತೀನಿ" ಎಂದಳು ದೊಡ್ಡಕ್ಕ. "ಇನ್ನು ಈ ಊರಲ್ಲಿ ನಂಗೆ ಯಾರಿದಾರೆ?"

ಹುಡುಗಿ ಅವಳ ತೋಳನ್ನು ಇನ್ನಷ್ಟು ಬಿಗಿಯಾಗಿ ಅಪ್ಪಿಕೊಂಡಳು.

"ಯಾಕೆ ಹಾಗಂತೀಯ? ನಾನಿದೀನಲ್ಲ."

"ಹೌದಲ್ವಾ" ಎಂದಳು ದೊಡ್ಡಕ್ಕ. "ನೀನಿದೀಯ."